ಎರಡು ವರ್ಷದ ಮಗುವಿಗೆ ಟಿವಿಯಲ್ಲಿ ಏನು ಹಾಕುತ್ತೀರಿ? ನೋಡಿದವರು ಹೇಳಿ

ಕಲ್ಲಹಳ್ಳಿ ಅಮ್ಮ, ಮಂಡ್ಯ:

ಎಲ್ಲರಿಗೂ ನಮಸ್ಕಾರ. ನನ್ನ ಮಗಳಿಗೆ ಎರಡು ವರ್ಷ ತುಂಬಿದೆ. ಟಿವಿ ತೋರಿಸಬೇಕೋ ಬೇಡವೋ ಅನ್ನುವ ಚರ್ಚೆ ಇಲ್ಲಿ ಬೇಡ. ನಮ್ಮ ಮನೆಯಲ್ಲಿ ಅದಿಲ್ಲದೆ ಅಡುಗೆ ಆಗುವುದಿಲ್ಲ. ನಾನು ಬೆಳಗ್ಗೆ ಕೆಲಸಕ್ಕೆ ಹೋದರೆ ಬರುವುದು ಸಂಜೆ. ಮನೆಯವರು ದಿನಾ ರೈಲಲ್ಲಿ ಮೈಸೂರಿಗೆ ಓಡಾಡುತ್ತಾರೆ. ಮಗುವನ್ನು ನೋಡಿಕೊಳ್ಳುವುದು ಅತ್ತೆ. ಅವರಿಗೆ ಮಂಡಿನೋವು. ಮುದ್ದೆ ತಿರುವುವಾಗ ಮಗು ಬಂದು ಕಾಲು ಹಿಡಿದುಕೊಂಡರೆ ಏನು ಗತಿ ಹೇಳಿ? ಅದಕ್ಕೆ ಬೆಳಗ್ಗೆ ಅರ್ಧ ಗಂಟೆ, ಸಂಜೆ ಅರ್ಧ ಗಂಟೆ ಟಿವಿ. ಆ ಒಂದು ಗಂಟೆಯಲ್ಲಿ ಏನು ಹಾಕಬೇಕು ಅನ್ನೋದಷ್ಟೇ ನನ್ನ ಪ್ರಶ್ನೆ.

ಮಗು ಮಲಗಿದ ಮೇಲೆ ನಾನೇ ಕೂತು ಒಂದೊಂದನ್ನೂ ನೋಡಿದ್ದೇನೆ. ರಜೆ ದಿನ ಅವಳ ಪಕ್ಕದಲ್ಲಿ ಕೂತು, ಟಿವಿ ಬಿಟ್ಟು ಅವಳ ಮುಖವನ್ನೇ ನೋಡಿದ್ದೇನೆ. ಎಲ್ಲ ಒಂದೇ ಥರ ಇಲ್ಲ. ತುಂಬಾ ವ್ಯತ್ಯಾಸ ಇದೆ.

ಕೆಲವು ಇಂಗ್ಲಿಷ್ ಹಾಡಿನ ಚಾನೆಲ್‌ಗಳಿವೆ. ಹೆಸರು ಬರೆಯುವುದಿಲ್ಲ, ಅಂಥವು ಹತ್ತಾರಿವೆ. ಒಂದು ಎರಡು ಮೂರು ಅಂತ ಎಣಿಸುವುದರೊಳಗೆ ಚಿತ್ರ ಬದಲಾಗಿರುತ್ತದೆ. ಒಂದು ಹಾಡು ಮುಗಿಯುವ ಮೊದಲೇ ಇನ್ನೊಂದು ಶುರು. ಅದು ಓಡುವಾಗ ನನ್ನ ಮಗಳ ಬಾಯಿ ಅರ್ಧ ತೆರೆದೇ ಇರುತ್ತದೆ. ಕೈಯಲ್ಲಿರುವ ಬಿಸ್ಕತ್ತು ಕೈಯಲ್ಲೇ ಮೆತ್ತಗಾಗಿ ಮುರಿದು ಬೀಳುತ್ತದೆ, ಅವಳಿಗೆ ಗೊತ್ತಾಗುವುದಿಲ್ಲ. ಅತ್ತೆ ಅನ್ನ ಸಾರು ಕಲಸಿ ತುತ್ತು ಹಿಡಿದರೆ ತಿರುಗದೆ ಬಾಯಿ ಬಿಡುತ್ತಾಳೆ. ಹೆಸರು ಹಿಡಿದು ಕರೆದರೂ ಓಗೊಡುವುದಿಲ್ಲ. ಆಫ್ ಮಾಡಿದರೆ ನೆಲಕ್ಕೆ ಬಿದ್ದು ಹೊರಳಾಟ. ಇದನ್ನೇ ಕೆಲವರು "ಮಗು ಎಷ್ಟು ಚೆನ್ನಾಗಿ ಕೂತು ನೋಡುತ್ತೆ" ಅನ್ನುತ್ತಾರೆ. ನನಗೆ ಅದು ಚೆನ್ನಾಗಿ ಕಾಣುವುದಿಲ್ಲ.

ಅದೇ ಪೆಪ್ಪಾ ಪಿಗ್ ಹಾಕಿ ನೋಡಿ. ಒಂದು ಕಥೆ ಐದೇ ನಿಮಿಷ. ಒಂದು ಮನೆ, ಒಂದು ಗುಡ್ಡ, ಅಪ್ಪ ಅಮ್ಮ ತಮ್ಮ. ಚಿತ್ರ ಸುಮ್ನೆ ನಿಂತಿರುತ್ತದೆ, ಅವರು ಮಾತಾಡುತ್ತಾರೆ. ಪೆಪ್ಪಾ ಕೆಸರಿಗೆ ಹಾರಿದರೆ ನನ್ನ ಮಗಳು ಎದ್ದು ಚಾಪೆ ಮೇಲೆ ಹಾರುತ್ತಾಳೆ. ಅಡುಗೆಮನೆಗೆ ಓಡಿ ಅತ್ತೆಯ ಸೆರಗು ಹಿಡಿದು "ಅಜ್ಜೀ ಕೆಸು ಕೆಸು" ಅಂತ ಎಳೆಯುತ್ತಾಳೆ. ಅತ್ತೆ "ನೀನೂ ಕೊಚ್ಚೆಗೆ ಇಳೀತೀಯೇನೇ ಕೂಸೇ, ಆಮೇಲೆ ನೀರು ಹುಯ್ಯೋರು ಯಾರು" ಅನ್ನುತ್ತಾರೆ. ಅವಳು ನಗುತ್ತಾಳೆ. ನನಗೆ ಬೇಕಾಗಿರುವುದು ಇದು. ಟಿವಿ ನೋಡಿದ ಮಗು ಮನೆಯವರ ಕಡೆ ತಿರುಗಬೇಕು. ತಿರುಗಿದರೆ ಅದು ಒಳ್ಳೆ ಕಾರ್ಯಕ್ರಮ, ತಿರುಗದಿದ್ದರೆ ಎಷ್ಟೇ ಎ ಬಿ ಸಿ ಡಿ ಹೇಳಿಕೊಟ್ಟರೂ ಬೇಡ.

ನನ್ನ ನಾದಿನಿ ಪೆಪ್ಪಾ ಬೇಡ ಅನ್ನುತ್ತಾಳೆ. ಆ ಹುಡುಗಿ ಅಪ್ಪನ ಹೊಟ್ಟೆ ನೋಡಿ ಆಡಿಕೊಳ್ಳುತ್ತೆ, ಎದುರು ಮಾತಾಡುತ್ತೆ ಅಂತ. ನಾಲ್ಕೈದು ವರ್ಷದ ಮಕ್ಕಳಿದ್ದರೆ ಆ ಮಾತು ಒಪ್ಪುತ್ತೇನೆ. ಎರಡು ವರ್ಷದವಳಿಗೆ ಅದು ಅರ್ಥವಾಗುವುದಿಲ್ಲ, ಕೆಸರು ಅರ್ಥವಾಗುತ್ತದೆ.

ಛೋಟಾ ಭೀಮ್, ಮೋಟು ಪತ್ಲು ನಮ್ಮ ಭಾವನ ಮಕ್ಕಳು ನೋಡುತ್ತಾರೆ. ಅವು ದೊಡ್ಡ ಮಕ್ಕಳಿಗೆ. ಹೊಡೆದಾಟ, ಓಟ. ಸದ್ಯಕ್ಕೆ ಬೇಡ.

ಕನ್ನಡದಲ್ಲಿ ಇನ್ಫೋಬೆಲ್ಸ್‌ನವರ ಹಾಡುಗಳಿವೆ, ಬೆಂಗಳೂರಿನವರು. ಅದರಲ್ಲಿ ಒಂದು ದೊಡ್ಡ ಲಾಭ ಏನೆಂದರೆ ಅತ್ತೆಗೆ ಹಾಡು ಗೊತ್ತು. ಆನೆ ಹಾಡು ಬಂದರೆ ಒಗ್ಗರಣೆ ಹಾಕುತ್ತಲೇ ಒಳಗಿನಿಂದ ದನಿ ಕೂಡಿಸುತ್ತಾರೆ, ಮಗಳು ಆ ಕಡೆ ತಿರುಗುತ್ತಾಳೆ. ಆದರೆ ಎಷ್ಟೋ ವಿಡಿಯೋಗಳು ಮೂವತ್ತು ನಲವತ್ತು ನಿಮಿಷ ಉದ್ದ, ಹಾಡಿಗೆ ಹಾಡು ಅಂಟಿಸಿರುತ್ತಾರೆ. ಎಲ್ಲಿ ನಿಲ್ಲಿಸಬೇಕು ಅಂತ ಅತ್ತೆಗೂ ತಿಳಿಯುವುದಿಲ್ಲ.

ನಿಧಾನವಾಗಿರಬೇಕು, ಬೇಗ ಮುಗಿಯಬೇಕು, ಇಂಗ್ಲಿಷ್ ಬಾರದ ಅಜ್ಜಿಗೂ ಏನು ನಡೆಯುತ್ತಿದೆ ಅಂತ ತಿಳಿಯಬೇಕು. ಅಂಥದ್ದು ಏನಿದೆ? ಇನ್ನೊಂದು ಸಂದೇಹ. ಮಧ್ಯಾಹ್ನ ಅತ್ತೆ ಧಾರಾವಾಹಿ ನೋಡುವಾಗ ಮಗು ಅಲ್ಲೇ ಆಡಿಕೊಂಡಿರುತ್ತಾಳೆ. ಅವಳು ಟಿವಿ ಕಡೆ ಕತ್ತೆತ್ತಿಯೂ ನೋಡುವುದಿಲ್ಲ. ಅದೂ ಲೆಕ್ಕಕ್ಕೆ ಬರುತ್ತದಾ?


ಸರಸ್ವತಿಪುರಂ ಅಪ್ಪ, ಮೈಸೂರು:

ಮೇಡಂ, ನಿಮ್ಮ ಮೂರೂ ಷರತ್ತಿಗೆ ಸರಿಹೋಗುವುದು ಪಿಂಗು. ಸ್ವಿಟ್ಜರ್ಲೆಂಡ್‌ನದ್ದು, 1990ರಲ್ಲಿ ಶುರುವಾದ ಸರಣಿ. ಜೇಡಿಮಣ್ಣಿನ ಥರದ ಗೊಂಬೆಗಳನ್ನು ಸ್ವಲ್ಪ ಸ್ವಲ್ಪವೇ ಸರಿಸಿ ಚಿತ್ರ ತೆಗೆದಿದ್ದಾರೆ. ಒಂದು ಪೆಂಗ್ವಿನ್ ಮರಿ, ಅಪ್ಪ, ಅಮ್ಮ, ತಂಗಿ. ಒಂದು ಕಥೆ ಸುಮಾರು ಐದು ನಿಮಿಷ. ಅವರು ಆಡುವುದು ಯಾವ ದೇಶದ ಭಾಷೆಯೂ ಅಲ್ಲ. ಕಾರ್ಲೋ ಬೊನೊಮಿ ಅನ್ನುವ ಇಟಲಿಯ ಕಲಾವಿದರೊಬ್ಬರು ಬಾಯಿಗೆ ಬಂದ ಸದ್ದುಗಳಲ್ಲೇ ಎಲ್ಲ ಪಾತ್ರಗಳ ದನಿ ಕೊಟ್ಟಿದ್ದರು. ಕೋಪ ಬಂದರೆ ಕೋಪ ಗೊತ್ತಾಗುತ್ತದೆ, ಅತ್ತರೆ ಅಳು ಗೊತ್ತಾಗುತ್ತದೆ. ಹಾಗಾಗಿ ನಮ್ಮ ತಾಯಿ ಕನ್ನಡದಲ್ಲೇ ಪೂರ್ತಿ ಕಥೆ ಹೇಳುತ್ತಾರೆ. "ನೋಡು, ತಂಗಿ ಹುಟ್ಟಿದ್ಳು ಅಂತ ಇವನಿಗೆ ಹೊಟ್ಟೆಕಿಚ್ಚು" ಅಂತ. ನಮ್ಮ ಮಗನಿಗೆ ಆಗ ತಾನೇ ತಂಗಿ ಹುಟ್ಟಿದ್ದಳು, ಅವನು ಎದ್ದು ಹೋಗಿ ತೊಟ್ಟಿಲು ನೋಡಿ ಬಂದ.

ಮಾತಿಲ್ಲದ ಇನ್ನೊಂದು ಟಿಮ್ಮಿ ಟೈಮ್, 2009ರದ್ದು. ಕುರಿಮರಿ ಶಿಶುವಿಹಾರಕ್ಕೆ ಹೋಗುವ ಕಥೆಗಳು. ಹತ್ತು ನಿಮಿಷದ್ದು. ಬ್ಲೂಯಿ ಕೂಡ ತುಂಬಾ ಚೆನ್ನಾಗಿದೆ, ಆಸ್ಟ್ರೇಲಿಯಾದ್ದು, 2018ರಿಂದ ಬರುತ್ತಿದೆ, ಏಳು ನಿಮಿಷ. ಅದರಲ್ಲಿ ಅಪ್ಪ ಮಕ್ಕಳ ಜೊತೆ ಆಡುವ ರೀತಿ ನೋಡಿ ನಾನು ಎಷ್ಟೋ ಆಟ ಕಲಿತೆ. ಆದರೆ ಮೂರು ವರ್ಷವಾದ ಮೇಲೆ ಹಾಕಿದರೆ ಮಗುವಿಗೆ ಹೆಚ್ಚು ಸಿಗುತ್ತದೆ ಅಂತ ನನ್ನ ಅನಿಸಿಕೆ.

ಆ ಬೇಗ ಬೇಗ ಬದಲಾಗುವ ಚಿತ್ರಗಳ ಬಗ್ಗೆ ಒಂದು ವಿಷಯ. ಕೊಕೊಮೆಲನ್ ಅಂತ ಒಂದು ಇಂಗ್ಲಿಷ್ ಹಾಡಿನ ಚಾನೆಲ್ ಇದೆಯಲ್ಲ, ಅದು ಈಗ ಲಂಡನ್ನಿನ ಮೂನ್‌ಬಗ್ ಕಂಪನಿಯದ್ದು. ಅವರು ಪರೀಕ್ಷೆ ಮಾಡುವ ವಿಧಾನವನ್ನು 2022ರಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆ ಬರೆದಿತ್ತು. ಪುಟ್ಟ ಮಗುವನ್ನು ಕೂರಿಸಿ ದೊಡ್ಡ ಪರದೆಯಲ್ಲಿ ತಮ್ಮ ಕಾರ್ಯಕ್ರಮ ಹಾಕುತ್ತಾರೆ. ಸ್ವಲ್ಪ ದೂರದಲ್ಲಿ ಇನ್ನೊಂದು ಚಿಕ್ಕ ಪರದೆ. ಅದರಲ್ಲಿ ಯಾರೋ ಕಾಫಿ ಬಗ್ಗಿಸುವುದು, ಯಾರೋ ಕಟಿಂಗ್ ಮಾಡಿಸಿಕೊಳ್ಳುವುದು, ಹೀಗೆ ದಿನನಿತ್ಯದ ದೃಶ್ಯಗಳು. ಮಗು ಯಾವಾಗ ಆ ಕಡೆ ನೋಡಿತು ಅಂತ ಬರೆದುಕೊಳ್ಳುತ್ತಾರೆ. ಮಗುವಿನ ಗಮನ ಎಲ್ಲಿ ತಪ್ಪಿತು ಅಂತ ಅವರಿಗೆ ಗೊತ್ತಾಗಬೇಕು. ನಿಮಗೆ ಬೇಕಾಗಿರುವುದು ಮಗು ಅಜ್ಜಿ ಕಡೆ ತಿರುಗುವುದು. ಎರಡೂ ಎದುರು ಬದರು ದಿಕ್ಕು, ಅಲ್ವಾ?


ಶ್ರೀರಂಗಪಟ್ಟಣ ಸೀಮೆಯವಳು:

ಅಕ್ಕ, ನಿಮ್ಮ ಮಾತು ಓದಿ ಸ್ವಲ್ಪ ಬೇಜಾರಾಯಿತು, ಅದಕ್ಕೆ ಬರೆಯುತ್ತಿದ್ದೇನೆ. ನಾನು ಗಾರ್ಮೆಂಟ್ಸ್‌ಗೆ ಹೋಗುವವಳು. ನಮ್ಮ ಮನೆಯಲ್ಲಿ ಅತ್ತೆ ಇಲ್ಲ. ಮಗನನ್ನು ಪಕ್ಕದ ಮನೆಯವರು ನೋಡಿಕೊಳ್ಳುತ್ತಾರೆ. ಸಂಜೆ ಬಂದ ಮೇಲೆ ಪಾತ್ರೆ, ಬಟ್ಟೆ, ನೀರು ಹಿಡಿಯುವುದು, ಅಡುಗೆ. ಆಗ ನನ್ನ ಫೋನೇ ಅವನಿಗೆ ಗತಿ. ನೀವು ಹೆಸರು ಹೇಳದ ಅಂಥ ಚಾನೆಲ್ಲನ್ನೇ ಅವನು ನೋಡುವುದು. ಅದನ್ನು ನೋಡಿಯೇ ಹಲ್ಲುಜ್ಜಿಸಿಕೊಳ್ಳಲು ಒಪ್ಪಿಕೊಂಡ. ಮೊದಲು ಬ್ರಷ್ ಕಂಡರೆ ಕಿರುಚುತ್ತಿದ್ದ. ಈಗ ಆ ಹಾಡು ನಾನು ಬಾಯಲ್ಲಿ ಹೇಳಿದರೆ ಸಾಕು, ಬಾಯಿ ತೆರೆಯುತ್ತಾನೆ. ಮಾತೂ ಚೆನ್ನಾಗಿ ಬಂದಿದೆ. ಎಲ್ಲಾ ಮಕ್ಕಳೂ ಒಂದೇ ಥರ ಇರುವುದಿಲ್ಲ.


ಕಲ್ಲಹಳ್ಳಿ ಅಮ್ಮ:

ತಂಗಿ, ನಿನ್ನ ಮನಸ್ಸಿಗೆ ನೋವು ಮಾಡುವ ಉದ್ದೇಶ ನನಗಿಲ್ಲ. ಕೆಲಸ ಮುಗಿಸಿ ಬಂದು ನೀರು ಹಿಡಿಯುವ ತಾಯಿಗೆ ಬುದ್ಧಿ ಹೇಳುವ ಹಕ್ಕು ಯಾರಿಗೂ ಇಲ್ಲ. ಆದರೆ ನೀನು ಬರೆದಿದ್ದನ್ನೇ ಇನ್ನೊಂದು ಸಲ ಓದು. ಆ ಹಾಡನ್ನು ನೀನು ನಿನ್ನ ಬಾಯಲ್ಲಿ ಹೇಳುತ್ತೀಯ, ಅವನು ನಿನ್ನ ಮುಖ ನೋಡಿ ಬಾಯಿ ತೆರೆಯುತ್ತಾನೆ. ಅದನ್ನು ಫೋನು ಮಾಡಿಸಲಿಲ್ಲ, ನೀನು ಮಾಡಿಸಿದೆ. ಹಾಡು ಅಲ್ಲಿಂದ ಬಂತು ಅಷ್ಟೇ. ಫೋನ್ ಕೊಡುವ ಹೊತ್ತಲ್ಲಿ ಒಂದು ಸಲ ಪಿಂಗು ಹಾಕಿ ನೋಡು. ನಿನ್ನ ಮಗ ಏನು ಮಾಡಿದ ಅಂತ ಇಲ್ಲಿ ಬರಿ, ನನಗೂ ತಿಳಿಯಬೇಕು.


ಮಾತಿನ ಥೆರಪಿಸ್ಟ್, ಮೈಸೂರು:

ನಾನು ಮಾನಸಗಂಗೋತ್ರಿಯ ವಾಕ್ ಶ್ರವಣ ಸಂಸ್ಥೆಯಲ್ಲಿ ಓದಿದವಳು. ಊರಲ್ಲಿ ಎಲ್ಲರೂ ಸ್ಪೀಚ್ ಅಂಡ್ ಹಿಯರಿಂಗ್ ಅನ್ನುತ್ತೀವಲ್ಲ, ಅದೇ. ಈಗ ಚಿಕ್ಕ ಮಕ್ಕಳ ಜೊತೆ ಕೆಲಸ ಮಾಡುತ್ತೇನೆ.

ಮೊದಲು ಧಾರಾವಾಹಿ ವಿಷಯ, ಯಾಕೆಂದರೆ ಅದೇ ಮುಖ್ಯ. ಹೌದು, ಲೆಕ್ಕಕ್ಕೆ ಬರುತ್ತದೆ. ಅಮೆರಿಕದಲ್ಲಿ 2009ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ನಾಲ್ಕು ವರ್ಷದೊಳಗಿನ 329 ಮಕ್ಕಳ ಅಂಗಿ ಜೇಬಿಗೆ ಸಣ್ಣ ರೆಕಾರ್ಡರ್ ಇಟ್ಟಿದ್ದರು. ಟಿವಿ ಸದ್ದು ಕೇಳುತ್ತಿದ್ದ ಒಂದೊಂದು ಗಂಟೆಗೂ ದೊಡ್ಡವರಿಂದ ಮಗುವಿಗೆ ಕೇಳಿಸುವ ಮಾತು ಸುಮಾರು 770 ಪದದಷ್ಟು ಕಡಿಮೆಯಾಗಿತ್ತು. ಮಗು ಟಿವಿ ನೋಡದೇ ಇರಬಹುದು. ಆದರೆ ಅಜ್ಜಿ ನೋಡುತ್ತಿದ್ದಾರಲ್ಲ, ಅವರ ಬಾಯಿ ನಿಂತಿರುತ್ತದೆ. ಮಗು ಗೊಂಬೆ ತೋರಿಸಿದಾಗ "ಹ್ಞೂಂ" ಅಂದು ಸುಮ್ಮನಾಗುತ್ತಾರೆ. ಎರಡು ವರ್ಷದಲ್ಲಿ ಮಾತು ಬೆಳೆಯುವುದೇ ಈ ಕೊಟ್ಟು ತೆಗೆದುಕೊಳ್ಳುವುದರಲ್ಲಿ. ಮಗು ಒಂದು ಸದ್ದು ಮಾಡಬೇಕು, ನಾವು ಉತ್ತರ ಕೊಡಬೇಕು, ಅದು ಮತ್ತೆ ಏನೋ ಹೇಳಬೇಕು.

ಸಮಯದ ಬಗ್ಗೆ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದ್ದು, ಎರಡರಿಂದ ನಾಲ್ಕು ವರ್ಷದವರಿಗೆ ದಿನಕ್ಕೆ ಒಂದು ಗಂಟೆ ದಾಟಬಾರದು, ಕಡಿಮೆ ಆದಷ್ಟೂ ಒಳ್ಳೆಯದು. ನಮ್ಮ ಇಂಡಿಯನ್ ಅಕಾಡೆಮಿ ಆಫ್ ಪೀಡಿಯಾಟ್ರಿಕ್ಸ್ ಮಕ್ಕಳ ವೈದ್ಯರು 2021ರ ಮಾರ್ಗಸೂಚಿಯಲ್ಲಿ ಹೆಚ್ಚುಕಡಿಮೆ ಅದನ್ನೇ ಹೇಳಿದ್ದಾರೆ. ಎರಡು ವರ್ಷದ ಒಳಗೆ ಬೇಡವೇ ಬೇಡ, ದೂರದ ಅಜ್ಜಿ ತಾತನ ಜೊತೆ ವಿಡಿಯೋ ಕಾಲ್ ಬಿಟ್ಟು. ನಿಮ್ಮ ಅರ್ಧ ಅರ್ಧ ಗಂಟೆ ಆ ಮಿತಿಯೊಳಗೇ ಇದೆ.

ವೇಗದ ಬಗ್ಗೆ 2011ರ ಒಂದು ಅಧ್ಯಯನವನ್ನು ತುಂಬಾ ಜನ ಎತ್ತಿ ಹೇಳುತ್ತಾರೆ. ಒಂಬತ್ತು ನಿಮಿಷ ವೇಗದ ಕಾರ್ಟೂನ್ ನೋಡಿದ ಮಕ್ಕಳು ಆಮೇಲೆ ಗಮನ ಇಟ್ಟು ಮಾಡುವ ಕೆಲಸಗಳಲ್ಲಿ ಹಿಂದೆ ಬಿದ್ದರು, ನಿಧಾನದ ಕಾರ್ಯಕ್ರಮ ನೋಡಿದವರು ಮತ್ತು ಚಿತ್ರ ಬರೆದವರು ಹಾಗಾಗಲಿಲ್ಲ. ನಿಜ. ಆದರೆ ಅದರಲ್ಲಿದ್ದವರು 60 ಮಕ್ಕಳು, ಎಲ್ಲರೂ ನಾಲ್ಕು ವರ್ಷದವರು, ಪರೀಕ್ಷೆ ಮಾಡಿದ್ದು ಟಿವಿ ನೋಡಿದ ತಕ್ಷಣ. ಆ ಪರಿಣಾಮ ವರ್ಷಗಟ್ಟಲೆ ಉಳಿಯುತ್ತದೆ ಅಂತ ಅದು ಹೇಳುವುದಿಲ್ಲ. ಶ್ರೀರಂಗಪಟ್ಟಣದ ತಾಯಿ ಹೆದರಬೇಕಿಲ್ಲ. ಆದರೂ ನಿಧಾನದ್ದನ್ನೇ ಆರಿಸಿ ಅಂತ ನಾನೂ ಹೇಳುತ್ತೇನೆ.

ನಿಧಾನದ ಜೊತೆಗೆ ಇನ್ನೊಂದು ನೋಡಿ: ಕಾರ್ಯಕ್ರಮ ಮಗುವಿಗೆ ಉತ್ತರಿಸಲು ಜಾಗ ಬಿಡುತ್ತದಾ? 1996ರಲ್ಲಿ ಅಮೆರಿಕದಲ್ಲಿ ಬಂದ ಬ್ಲೂಸ್ ಕ್ಲೂಸ್‌ನಲ್ಲಿ ನಿರೂಪಕ ಪ್ರಶ್ನೆ ಕೇಳಿ ಸುಮ್ಮನೆ ಕಾಯುತ್ತಿದ್ದ. ಒಂದೇ ಕಂತನ್ನು ಐದು ದಿನ ಒಂದೇ ಸಮನೆ ಹಾಕುತ್ತಿದ್ದರು. ನೋಡಿದ್ದನ್ನೇ ನೋಡಿದರೆ ಮಕ್ಕಳು ಹೆಚ್ಚು ಉತ್ತರ ಕೊಡುತ್ತಾರೆ ಅಂತ. ಈಗ ಯೂಟ್ಯೂಬ್‌ನಲ್ಲಿ ಪುಟ್ಟ ಮಕ್ಕಳಿಗೆ ಇಂಗ್ಲಿಷ್‌ನಲ್ಲಿ ಹಾಡು, ಮಾತು ಹೇಳಿಕೊಡುವ ಮಿಸ್ ರೇಚಲ್ ಕೂಡ ಹಾಗೆಯೇ, ಬಾಯಿ ಹತ್ತಿರ ತೋರಿಸಿ, ಒಂದು ಪದ ಹೇಳಿ, ಕಾಯುತ್ತಾರೆ. ಅವರ ಮಗನಿಗೆ ಮಾತು ತಡವಾದ್ದರಿಂದಲೇ ಅವರು ಅದನ್ನು ಶುರು ಮಾಡಿದ್ದು. ಇಂಗ್ಲಿಷ್ ಅನ್ನೋದು ನಿಮಗೆ ತೊಡಕು. ಹಾಗಾದರೆ ಅದೇ ಒಂದು ಪಿಂಗು ಕಥೆಯನ್ನು ವಾರವಿಡೀ ಹಾಕಿ. ದೊಡ್ಡವರಿಗೆ ಬೇಜಾರು, ಮಗುವಿಗೆ ಇಲ್ಲ. ಮೂರನೇ ದಿನದಿಂದ ಮುಂದೇನು ಅಂತ ಅವಳೇ ಅಜ್ಜಿಗೆ ಹೇಳಬಹುದು.

ಒಂದು ಮಾತು ಎಲ್ಲರಿಗೂ. ಎರಡು ವರ್ಷಕ್ಕೆ ಮಗು "ಅಮ್ಮ ಬಾ", "ಹಾಲು ಬೇಕು" ಅಂತ ಎರಡು ಪದ ಕೂಡಿಸದಿದ್ದರೆ, ಟಿವಿ ನಿಲ್ಲಿಸಿ ಕಾದು ನೋಡೋಣ ಅಂತ ತಿಂಗಳುಗಟ್ಟಲೆ ಕೂರಬೇಡಿ. ಕಿವಿ ಪರೀಕ್ಷೆ ಮೊದಲು ಆಗಬೇಕು. ಎಷ್ಟೋ ಸಲ ಟಿವಿಯನ್ನು ಬೈಯುತ್ತಾ ಕಿವಿಯ ತೊಂದರೆ ಮರೆತೇ ಹೋಗಿರುತ್ತದೆ. ಮಾನಸಗಂಗೋತ್ರಿಗೆ ಮಂಡ್ಯದಿಂದ ಎಷ್ಟೋ ಜನ ಬರುತ್ತಾರೆ.


ಕುವೆಂಪುನಗರದ ಅಜ್ಜಿ:

ಮಗಳೇ, ಎಲ್ಲರೂ ಅಜ್ಜಿ ಹಾಗೆ ಮಾಡಲಿ, ಅಜ್ಜಿ ಹೀಗೆ ಮಾಡಲಿ ಅಂತ ಬರೆದಿದ್ದೀರಿ. ಎರಡು ಮೊಮ್ಮಕ್ಕಳನ್ನು ಹಗಲೆಲ್ಲ ನೋಡಿಕೊಂಡು ಬೆಳೆಸಿದವಳು ನಾನು, ಆ ಕಡೆಯಿಂದ ಎರಡು ಮಾತು. ಮಧ್ಯಾಹ್ನದ ಧಾರಾವಾಹಿ ನಿಮ್ಮ ಅತ್ತೆಗೆ ಇಡೀ ದಿನದಲ್ಲಿ ಸಿಗುವ ಒಂದು ಬಿಡುವು ಕಣಮ್ಮ. ಮಂಡಿನೋವಿನಲ್ಲಿ ಮಗುವಿನ ಹಿಂದೆ ಓಡಿದವರಿಗೆ ಅದು ಬೇಕು. ಅದನ್ನು ಕಿತ್ತುಕೊಳ್ಳಬೇಡಿ, ಮಗು ಮಲಗಿದ ಹೊತ್ತಿಗೆ ಬದಲಾಯಿಸಿ. ಮಾತಿನ ಡಾಕ್ಟರಮ್ಮ ಹೇಳಿದ್ದು ಸರಿಯೇ. ಆದರೆ ಅತ್ತೆಗೆ ನೀವು ಹೇಳುವಾಗ ಮಗುವಿನ ಮಾತು ಹಾಳಾಗುತ್ತೆ ಅಂತ ಹೇಳಬೇಡಿ. ನೀವು ಮಾತಾಡಿದರೆ ಅವಳು ಚೆನ್ನಾಗಿ ಕಲಿಯುತ್ತಾಳೆ ಅತ್ತೆ ಅಂತ ಹೇಳಿ. ಎರಡೂ ನಿಜ, ಎರಡನೆಯದನ್ನು ಕೇಳಿದರೆ ನಮಗೆ ಹುರುಪು ಬರುತ್ತದೆ.

ಅಡುಗೆ ಹೊತ್ತಿಗೆ ನಾನು ಮಾಡುತ್ತಿದ್ದದ್ದು ಹೇಳುತ್ತೇನೆ. ಅಡುಗೆಮನೆ ಬಾಗಿಲಿಗೆ ಮೊಣಕಾಲೆತ್ತರದ ಮರದ ಅಡ್ಡಗೇಟು ಹಾಕಿಸಿದೆ. ಆ ಕಡೆ ಮಗು, ಈ ಕಡೆ ಒಲೆ. ಮಗುವಿನ ಮುಂದೆ ಒಂದು ಮೊರ, ಅದರಲ್ಲಿ ಒಂದು ಹಿಡಿ ಮೆಂತ್ಯ ಸೊಪ್ಪು. ಎಲೆ ಬಿಡಿಸು ಅನ್ನುವುದು. ಅರ್ಧ ಬಿಡಿಸುತ್ತೆ, ಅರ್ಧ ಹರಡುತ್ತೆ, ಒಂದೆರಡು ಬಾಯಿಗೆ ಹಾಕಿ ಕಹಿ ಅಂತ ಮುಖ ಮಾಡುತ್ತೆ. ನಾನು ಒಲೆ ಮುಂದಿನಿಂದಲೇ ಮಾತಾಡುತ್ತಿರುವುದು. ಕಾಳು ಮಾತ್ರ ಕೊಡಬೇಡಿ, ಮೂಗಿಗೆ ತೂರಿಸಿಕೊಳ್ಳುತ್ತವೆ. ದಿನಾ ಇದು ನಡೆಯುವುದಿಲ್ಲ. ನಡೆಯದ ದಿನ ಟಿವಿ ಹಾಕಿ, ಅದರಲ್ಲಿ ಸಂಕಟ ಪಡುವಂಥದ್ದು ಏನಿಲ್ಲ.


ಕಲ್ಲಹಳ್ಳಿ ಅಮ್ಮ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಅಜ್ಜಿಯವರೇ, ನಿಮ್ಮ ಮಾತನ್ನು ಅತ್ತೆಗೆ ಓದಿ ಹೇಳಿದೆ. ಡಾಕ್ಟರಮ್ಮ ಬರೆದದ್ದಕ್ಕಿಂತ ನೀವು ಬರೆದದ್ದು ಅವರಿಗೆ ಹಿಡಿಸಿತು. ಧಾರಾವಾಹಿ ಮಗು ಮಲಗಿದ ಮೇಲೆ ಅಂತ ಅವರೇ ಅಂದರು. ಅಡ್ಡಗೇಟಿಗೆ ಬಡಗಿಯನ್ನು ಕೇಳಿದ್ದೇವೆ.

ಪಿಂಗು ಹಾಕಿದೆವು. ಅವನು ಬಾಯಿ ಉದ್ದ ಮಾಡಿ ತುತ್ತೂರಿಯ ಹಾಗೆ ಸದ್ದು ಮಾಡುತ್ತಾನಲ್ಲ, ಅದು ಬಂದಾಗ ನನ್ನ ಮಗಳು ಟಿವಿ ಬಿಟ್ಟು ಅಜ್ಜಿಯ ಮುಖ ನೋಡಿದಳು. ನೀನೂ ಮಾಡು ಅನ್ನುವ ಹಾಗೆ. ಅತ್ತೆ ಮಾಡಿದರು. ಹಾಗಾಗಿ ಬೆಳಗ್ಗೆ ಪಿಂಗು, ಸಂಜೆ ಕನ್ನಡ ಹಾಡು, ಸದ್ಯಕ್ಕೆ ಇಷ್ಟೇ.

ಸರಸ್ವತಿಪುರಂ ಸರ್, ಇನ್ನೊಂದು ಸಹಾಯ. ಅತ್ತೆಗೆ ರಿಮೋಟ್‌ನಲ್ಲಿ ಹುಡುಕಿ ಹಾಕಲು ಬರುವುದಿಲ್ಲ. ಒಂದು ಮುಗಿದರೆ ತಾನಾಗಿ ಬೇರೆ ಏನೇನೋ ಬರುತ್ತದೆ. ಇದಕ್ಕೇನು ದಾರಿ?


ಸರಸ್ವತಿಪುರಂ ಅಪ್ಪ:

ನಿಮ್ಮ ಫೋನಿನಲ್ಲಿ ಯೂಟ್ಯೂಬ್ ಕಿಡ್ಸ್ ಹಾಕಿ, ಮಗಳ ಹೆಸರಲ್ಲಿ ಒಂದು ಪ್ರೊಫೈಲ್ ಮಾಡಿ. ವಯಸ್ಸು ಕೇಳುವ ಕಡೆ, ವಿಡಿಯೋಗಳನ್ನು ನಾವೇ ಆರಿಸುತ್ತೇವೆ ಅನ್ನುವ ಆಯ್ಕೆಯೂ ಇರುತ್ತದೆ. ಅದನ್ನು ಒತ್ತಿ. ಆಮೇಲೆ ನೀವು ಒಪ್ಪಿದ್ದು ಬಿಟ್ಟು ಬೇರೆ ಏನೂ ಬರುವುದಿಲ್ಲ, ಹುಡುಕುವ ಜಾಗವೂ ಮುಚ್ಚಿರುತ್ತದೆ. ಸೆಟ್ಟಿಂಗ್ಸ್‌ಗೆ ಹೋಗಿ ಆಟೋಪ್ಲೇ ಆಫ್ ಮಾಡಿ. ಟೈಮರ್ ಕೂಡ ಇದೆ, ಅರ್ಧ ಗಂಟೆ ಇಟ್ಟರೆ ತಾನೇ ನಿಲ್ಲುತ್ತದೆ. ಎಷ್ಟು ಕಡಿಮೆ ವಿಡಿಯೋ ಒಪ್ಪಿಡುತ್ತೀರೋ ಅತ್ತೆಗೆ ಅಷ್ಟು ಸುಲಭ. ನಾನು ನಮ್ಮ ತಾಯಿಗೆ ನಾಲ್ಕೇ ಇಟ್ಟಿದ್ದೇನೆ, ಚಿತ್ರ ನೋಡಿ ಒತ್ತುತ್ತಾರೆ. ಪಾಸ್‌ಕೋಡ್ ಮಾತ್ರ ನಿಮ್ಮ ಹತ್ತಿರವೇ ಇರಲಿ, ಭಾವನ ಮಕ್ಕಳ ಕೈಗೆ ಸಿಗಬಾರದು.